ಮೂವತ್ತೆಂಟರವರೆಗೆ

ಒಳಚರಂಡಿ ಯೋಜನೆ, ವಿಜಯಪುರ, ಹಳೇ ಊರಿನ ಭಾಗ.
ಆರು ತಿಂಗಳ ವಿಸ್ತರಣೆ. ಸಂಬಳ ಅಷ್ಟೇ, ಷರತ್ತು ಅವೇ.
ಮೂವತ್ತನೇ ತಾರೀಖಿನೊಳಗೆ ಸಹಿ ಮಾಡಿ ಕಳಿಸತಕ್ಕದ್ದು.
ಪತ್ರದಲ್ಲಿ ಈ ಸಲವೂ ನನ್ನ ಹೆಸರು ತಪ್ಪು.
ಹೋದ ವರ್ಷ ಗಿರಿಜಾ ಎಂದಿದ್ದರು, ಈಗ ಶೈಲಜಾ.
ಎರಡೂ ಗುಡ್ಡದಲ್ಲಿ ಹುಟ್ಟಿದವು.
ನಾನು ಜಲಜಾ, ಇಳಿಜಾರಿನ ಕಡೆಯವಳು.
ಇರಲಿ, ಅಷ್ಟಕ್ಕೆ ಯಾರೂ ಕೆಲಸ ಬಿಡುವುದಿಲ್ಲ.

ಜೋರಾಪುರ ಪೇಟೆಯ ಒಂದೇ ಗಲ್ಲಿಯನ್ನು
ಮೂರು ಸಲ ಅಗೆದಿದ್ದೇವೆ.
ಮೊದಲ ಸಲ ಪೈಪಿಗೆ.
ಎರಡನೆಯ ಸಲ, ಪೈಪು ಎಲ್ಲಿ ಹಾಕಿದೆವೆಂದು
ಬರೆದಿಡಲು ಮರೆತದ್ದಕ್ಕೆ.
ಮೂರನೆಯದು, ಹಾಯಿಸಿದ ನೀರು ತಿರುಗಿ ಬಂದದ್ದಕ್ಕೆ.
ನಕ್ಷೆಯಲ್ಲಿ ಮೂವತ್ತೊಂದರ ಮ್ಯಾನ್‌ಹೋಲ್ ಎರಡು ಕಡೆ ಇದೆ,
ನೆಲದ ಮೇಲೆ ಎಲ್ಲಿಯೂ ಇಲ್ಲ.
ಬಿಲ್ಲು ಮಾತ್ರ ಎರಡಕ್ಕೂ ಪಾಸಾಗಿದೆ.

ಎರಡು ವರ್ಷಕ್ಕೆ ನಾಲ್ಕು ಮ್ಯಾನೇಜರು.
ಈಗಿನ ಝಳಕಿ ಸಾಹೇಬರು ಒಳ್ಳೆಯವರು,
ಬೆಳಗಿನ ಮೀಟಿಂಗಿಗೆ ಒಗ್ಗರಣೆ ಚುರುಮುರಿ ತರಿಸುತ್ತಾರೆ,
ಬೋರ್ಡಿನ ಮೇಲೆ ಹಸಿರು ಗೆರೆ ಎಳೆದು
ಶೇಕಡಾ ಎಂಬತ್ತು ಮುಗಿದಿದೆ ಎನ್ನುತ್ತಾರೆ.
ಹೋದ ಯುಗಾದಿಗೂ ಎಂಬತ್ತೇ ಇತ್ತು.
ಉಳಿದ ಇಪ್ಪತ್ತರೊಳಗೆ ಜನ ಬಿದ್ದು ಏಳುತ್ತಾರೆ.

"ಬಾಯಾರ, ಹೊಂಟ ಹೋಗ್ರಿ," ಅನ್ನುತ್ತಾನೆ ಲಾಡ್ಲೇಸಾಬ.
"ಬ್ಯಾರೇ ಕಡೆ ಕೆಲಸ ಸಿಗತದ ನಿಮಗ.
ಎತ್ತಿಲ್ಲದ ಗಾಡಿ ಇದು, ಸುಮ್ಮನ ನೊಗಕ್ಕ ಹೆಗಲ ಕೊಟ್ಟೀರಿ."
ಅವನಿಗೆ ಮೂರು ತಿಂಗಳ ಪಗಾರ ಬಾಕಿ. ಅವನು ಹೋಗಿಲ್ಲ.
ಯಾಕೆಂದು ಕೇಳಿದರೆ ಜೇಬಿನಲ್ಲಿ ಬೀಡಿ ಹುಡುಕುತ್ತಾನೆ.

ರಾತ್ರಿ ಕಾಗದದ ಎರಡೂ ಮಗ್ಗುಲು ಲೆಕ್ಕ ಬರೆದೆ.
ಈ ಕಡೆ: ಬಾಡಿಗೆ, ಸ್ಕೂಟಿಯ ಕಂತು, ತಮ್ಮನ ಡಿಪ್ಲೊಮಾ ಫೀಸು.
ಆ ಕಡೆ: ಮುಂದೊಂದು ದಿನ ತನಿಖೆಗೆ ಬಂದವರು
ಅಳತೆ ಪುಸ್ತಕ ತೆರೆದರೆ ಅಲ್ಲಿ ಸಿಗುವ ಸಹಿ ನನ್ನದು.
ಆಗ ಮಾತ್ರ ಹೆಸರು ಸರಿಯಾಗಿ ಬರೆಯುತ್ತಾರೆ.

ನವೆಂಬರಿನಲ್ಲಿ ಜೆಸಿಬಿಯ ಹಲ್ಲಿಗೆ ಮಣ್ಣಿನ ಕೊಳವೆಯೊಂದು ಸಿಕ್ಕಿತ್ತು,
ಬಾದಶಾಹರ ಕಾಲದ್ದು, ಗಚ್ಚಿನಲ್ಲಿ ಹುದುಗಿದ್ದು.
ಕೆಲಸ ನಿಂತಿತು. ಫೋನುಗಳು ಓಡಾಡಿದವು.
ಯಾರೂ ಇಲ್ಲದ ಹೊತ್ತು ನೋಡಿ
ಲಾಡ್ಲೇಸಾಬ ಅದರ ಬಾಯಿಗೆ ಒಂದು ತಂಬಿಗೆ ನೀರು ಹೊಯ್ದ.
ಇಬ್ಬರೂ ಕಿವಿಯಿಟ್ಟು ಕೇಳಿದೆವು. ಹೋಯಿತು.
ಎಲ್ಲಿಗೆಂದು ಗೊತ್ತಿಲ್ಲ, ತಿರುಗಿ ಬರಲಿಲ್ಲ.
ಅದನ್ನು ಹಾಕಿದವನ ಗುತ್ತಿಗೆ ಎಷ್ಟು ಸಲ ವಿಸ್ತರಣೆಯಾಗಿತ್ತೋ,
ಅವನಿಗೂ ಪಗಾರ ಬಾಕಿ ಇತ್ತೋ.

ಇವತ್ತು ಮಧ್ಯಾಹ್ನ ಹಲಗೆ ದಾಟಿ
ಬೌರವ್ವನ ಖಾನಾವಳಿಗೆ ಊಟಕ್ಕೆ ಹೋದೆ.
ಸೀಗಿ ಹುಣ್ಣಿಮೆಯಿಂದ ಆ ಹಲಗೆ ತಗ್ಗಿನ ಮೇಲಿದೆ,
ಅವಳದೇ ಹಿತ್ತಲ ಬಾಗಿಲ ಕದ, ಚಿಲಕ ಇನ್ನೂ ಅಂಟಿಕೊಂಡಿದೆ.
ಎರಡನೇ ರೊಟ್ಟಿ ಹಾಕುತ್ತ ಕೇಳಿದಳು:
"ನೀ ಹ್ವಾದಮ್ಯಾಗ ಬರಾಂವ ಮತ್ತ ಮೊದಲಿಂದ ಅಗೀತಾನೇನು?"

ಪುಂಡಿಪಲ್ಯದ ಹುಳಿ ನಾಲಗೆಯ ಮೇಲೇ ನಿಂತಿತು.
ಅಗೆಯುತ್ತಾನೆ.
ಯಾಕೆಂದರೆ ಮೂವತ್ತೊಂದರಿಂದ ಮೂವತ್ತೆಂಟರವರೆಗಿನ
ನಿಜವಾದ ಮಟ್ಟಗಳು ಇರುವುದು
ನನ್ನ ಚೀಲದ ಕೆಂಪು ಡೈರಿಯಲ್ಲಿ ಮಾತ್ರ.
ಎರಡು ಸಲ ಕಚೇರಿಗೆ ಕೊಟ್ಟೆ,
ಎರಡು ಸಲವೂ ರಟ್ಟಿನ ಮೇಲೆ ಚಹಾ ಕಪ್ಪಿನ ಗುರುತು ಹೊತ್ತು
ತಿರುಗಿ ಬಂತು, ನಮ್ಮ ನೀರಿನ ಹಾಗೆ.

ಕೈ ತೊಳೆದು ಪತ್ರವನ್ನು ಅಲ್ಲೇ ಹಾಸಿದೆ.
ಆರು ತಿಂಗಳು ಎಂಬುದನ್ನು ಹೊಡೆದುಹಾಕಿ ಬರೆದೆ:
ಮೂವತ್ತೆಂಟನೆಯ ಮ್ಯಾನ್‌ಹೋಲ್ ಮುಚ್ಚುವವರೆಗೆ.
ಲಾಡ್ಲೇಸಾಬನ ಬಾಕಿ ಮೊದಲು.
ಎರಡನೇ ಮೂವತ್ತೊಂದನ್ನು ಪುಸ್ತಕದಿಂದ ತೆಗೆಯಬೇಕು.
ಶೈಲಜಾಳನ್ನೂ ತಿದ್ದಿದೆ.
ಒಪ್ಪುವುದಿಲ್ಲ ಅವರು.
ಒಪ್ಪಿದರೂ ಒಪ್ಪಿಯಾರು, ಓದದೆ.

"ಎಷ್ಟ ದಿನಾ ಆದೀತವ್ವಾ?"
"ಸಿಮೆಂಟ್ ಬಂದ್ರ ಹದಿನೇಳು."
"ಬರಲಿಲ್ಲಂದ್ರ?"
ನಾನು ಚೀಲದ ಝಿಪ್ಪು ಎಳೆಯುತ್ತಿದ್ದೆ.
ಬೌರವ್ವ ಹೊರಗೆ ಹೋಗಿ
ಕದವನ್ನು ಕಾಲಿನಿಂದ ಒತ್ತಿ ನೋಡಿದಳು,
ಇನ್ನೆಷ್ಟು ಮಂದಿಯನ್ನು ತಾಳೀತೆಂದು.