ಹದಿನೈದನೆಯ ತಂತಿ

ವಾರ್ಡೊ ದ್ವೀಪ. ಸೂರ್ಯ ಹೋಗಿ ಮೂರು ವಾರ.
ಮೀನುಕಟ್ಟೆಯ ಕಚೇರಿಯಲ್ಲಿ ಹಿಲ್ಮಾರ್
ಕಾಫಿ ಬಗ್ಗಿಸಿ ಕೊಟ್ಟು ಮೇಜಿನ ಮೇಲೆ ಜಾಗ ಮಾಡಿದ,
ರಸೀದಿ ಕಟ್ಟು ಸರಿಸಿ, ಒದ್ದೆ ಕೈಗವಸು ಸರಿಸಿ.
ಪೆಟ್ಟಿಗೆ ಬಿಚ್ಚಿದೆ. ಬೂದುಬಣ್ಣದ ಮೋಡೆಮ್,
ಹೊಟ್ಟೆಯಡಿ ಎಂಟು ಸ್ವಿಚ್ಚು,
ಉಗುರಿಗೂ ಸಿಗದಷ್ಟು ಪುಟ್ಟವು.

"ಟೆಲೆಕ್ಸ್ ಇತ್ತಲ್ಲ, ಅದಕ್ಕೇನು ಕೇಡು?"

ಅದು ಒಂದೊಂದು ಅಕ್ಷರವನ್ನೂ
ಬೇರೆ ಬೇರೆ ಲಕೋಟೆಯಲ್ಲಿ ಹಾಕುತ್ತೆ ಹಿಲ್ಮಾರ್,
ಮುಂದೊಂದು 'ಬಂದೆ', ಹಿಂದೊಂದು 'ಮುಗಿಯಿತು'.
ಟ್ರೋಮ್ಸೊದ ದೊಡ್ಡ ಯಂತ್ರಕ್ಕೆ ಅಷ್ಟು ಪುರುಸೊತ್ತಿಲ್ಲ.
ಅದಕ್ಕೆ ಬೇಕು ತಾಳೆಗರಿಯ ಸಾಲಿನಂಥ ಮಾತು,
ತೆರಪಿಲ್ಲದೆ, ಅಕ್ಷರಕ್ಕೆ ಅಕ್ಷರ ಅಂಟಿಕೊಂಡು.
ಎಲ್ಲಿ ಬಿಡಿಸಿ ಓದಬೇಕೆಂದು ತಿಳಿಯುವುದು
ಎರಡೂ ಕಡೆಯ ಎಣಿಕೆ ಒಂದೇ ಇದ್ದರೆ.

ತಲೆಯಾಡಿಸಿದ. ಹತ್ತನೇ ವಯಸ್ಸಿಗೇ ದೋಣಿಯಲ್ಲಿ
ಅಪ್ಪನ ಬೆನ್ನು ನೋಡುತ್ತ ಹುಟ್ಟು ಹಾಕಿದವನು.
"ಹಾಗಾದರೆ ಎಣಿಸುವವರು ಯಾರು?"

ಕೈಪಿಡಿ ಈ ಒಂದು ಪ್ರಶ್ನೆಗೆ ನಾಲ್ಕು ಪುಟ ತಿನ್ನುತ್ತದೆ.
ಗಡಿಯಾರ ಒಬ್ಬರ ಹತ್ತಿರವಷ್ಟೇ ಇರಬೇಕು.
ಮೋಡೆಮ್ ಮಿಡಿಯಲಿ, ಕಂಪ್ಯೂಟರ್ ಹೆಜ್ಜೆ ಹಾಕಲಿ;
ಇಬ್ಬರೂ ಯಜಮಾನರಾದರೆ
ಎತ್ತು ಏರಿಗೆ, ಕೋಣ ನೀರಿಗೆ.
ಮೂರನೆಯ ಸ್ವಿಚ್ಚು ಕೆಳಗೆ. ಐದನೆಯದು ಮೇಲೆ.
ನಂಬರು ತಿರುಗಿಸುವಾಗ ಮಾತ್ರ ಹಳೇ ಸಡಿಲು ನುಡಿ,
ಆಚೆಯ ದನಿ ಕಿವಿಗೆ ಬಿದ್ದೊಡನೆ
ತಾಳಕ್ಕಿಳಿಯಬೇಕು.

ಕರೆ ಹಚ್ಚಿದೆವು. ಶಿಳ್ಳೆ, ಕೆಮ್ಮು, ಮರಳು ಜರಡಿಯಾಡಿದ ಸದ್ದು.
ಕೆಂಪು ದೀಪ ಹತ್ತಿ ನಿಂತಿತು.
ಪರದೆ ಖಾಲಿ.
ಇನ್ನೊಮ್ಮೆ. ಖಾಲಿ.
ಕೈಪಿಡಿ ಮೊದಲಿಂದ. ಸ್ವಿಚ್ಚು ಮೊದಲಿಂದ. ಖಾಲಿ.
ಟ್ರೋಮ್ಸೊದಿಂದ ಬೊರ್ಗ್ನಿ, ಇನ್ನೊಂದು ಫೋನಿನಲ್ಲಿ:
"ಲೈನು ಹತ್ತಿದೆ ಕಣೇ,
ನೀನೇ ಬಾಯಿ ಬಿಡ್ತಿಲ್ಲ."

ಎರಡು ಗಂಟೆ ಹೋಯಿತು. ಹೊರಗೆ ಅದೇ ಕತ್ತಲೆ,
ಹೊತ್ತು ಹೋದದ್ದಕ್ಕೆ ಗುರುತಿಲ್ಲ.
ಗೋಡೆಯ ಗಡಿಯಾರವೋ ಹನ್ನೊಂದು ನಿಮಿಷ ಮುಂದೆ,
ಹಡಗು ತಪ್ಪದಿರಲೆಂದು ಯಾರೋ ತಿರುಗಿಸಿಟ್ಟದ್ದು;
ಮುಟ್ಟಬೇಡ ಅಂದಿದ್ದ ಹಿಲ್ಮಾರ್, ಬಂದ ಕೂಡಲೇ.

ಕೊನೆಗೆ ಕೇಬಲ್ಲಿನ ತಲೆ ಬಿಚ್ಚಿದೆ.
ಹೊರಗೆ ಇಪ್ಪತ್ತೈದು ಸೂಜಿ, ದಂತಪಂಕ್ತಿಯ ಹಾಗೆ.
ಒಳಗೆ ತಂತಿಯಿದ್ದದ್ದು ಒಂಬತ್ತಕ್ಕೆ.
ಹೇಳುವ ತಂತಿ ಇತ್ತು, ಕೇಳುವ ತಂತಿ ಇತ್ತು,
ಲಯ ಹೊತ್ತು ತರುವ ಹದಿನೈದು, ಹದಿನೇಳು
ಬರೀ ತೂತು.
ಮಿಡಿತ ಪೆಟ್ಟಿಗೆಯ ಬಾಗಿಲವರೆಗೆ ಬಂದು
ಅಲ್ಲೇ ನಿಂತಿತ್ತು ಪಾಪ, ಬೆಳಗಿನಿಂದ.
ಅಗ್ಗದ ಮಾಲು. ಕೊಂಡವಳು ನಾನೇ. ಹೇಳಲಿಲ್ಲ.

ಹಳೆಯ ಫೋನಿನ ಬಳ್ಳಿಯಿಂದ ಎರಡು ಎಳೆ ಸೀಳಿದೆ.
ಹಿಲ್ಮಾರ್ ಟಾರ್ಚು ಹಿಡಿದ, ಕಿರುಬೆರಳಿಲ್ಲದ ಎಡಗೈಯಲ್ಲಿ.
ಬೆಸುಗೆಯ ರಾಳದ ಹೊಗೆ, ಮೀನಿನ ವಾಸನೆ,
ಗೋಡೆಯಾಚೆ ಶೀತಲಗೃಹದ ಗೊರಕೆ.
ಉಸಿರು ಬಿಗಿಹಿಡಿದಿದ್ದೆವು ಇಬ್ಬರೂ,
ಬಿಟ್ಟದ್ದೂ ಒಟ್ಟಿಗೇ ಅಂತ ಆಮೇಲೆ ಹೊಳೆಯಿತು.

ಶಿಳ್ಳೆ. ಕೆಮ್ಮು. ಮರಳು.
"ಬಂದೆಯಾ," ಅಂದಳು ಬೊರ್ಗ್ನಿ.

ಹಿಲ್ಮಾರ್ ಎರಡೇ ಬೆರಳಲ್ಲಿ ಕುಟ್ಟತೊಡಗಿದ:
ಕಾಡ್ ಮೀನು, ನಾನೂರ ಹನ್ನೆರಡು ಕಿಲೋ. ದೋಣಿಯ ನಂಬರು.
ಕನ್ನಡಕ ಒರೆಸಿಕೊಂಡ. ಹ್ಯಾಡಕ್...
ಅವನು ತಡೆದಷ್ಟು ಹೊತ್ತೂ ಆ ತಂತಿಯಲ್ಲಿ
ಒಂದು ಸೊನ್ನೆ, ಆರು ಒಂದು, ಮತ್ತೆ ಸೊನ್ನೆ;
ಒಂದು ಸೊನ್ನೆ, ಆರು ಒಂದು, ಮತ್ತೆ ಸೊನ್ನೆ.
ಹೇಳಲು ಏನಿಲ್ಲದಾಗಲೂ
ಎಣಿಕೆ ತಪ್ಪದಿರಲೆಂದು.

"ಸುಮ್ಮನಿದ್ದಾಗಲೂ ಬಿಲ್ಲು ಓಡುತ್ತಾ?"
ಓಡುತ್ತೆ ಅಂದೆ.
ಬೆರಳು ಚುರುಕಾಯಿತು.

ಆಚೆಯಿಂದ ಬೊರ್ಗ್ನಿ, ದಾಖಲೆಗೆ ಬೇಕು, ಗಂಟೆಯೆಷ್ಟು ಅಂದಳು.
ಹಿಲ್ಮಾರ್ ಗೋಡೆ ನೋಡಿ
ಹನ್ನೊಂದು ನಿಮಿಷ ತಪ್ಪು ಹೇಳಿದ.
ಯಂತ್ರಗಳಿಗೆ ಏನೂ ಅನ್ನಿಸಲಿಲ್ಲ.