ಬಂದ ಉದ್ದೇಶ

ಲಾಡ್ಜು ಮುಚ್ಚಿತು.
ಚಿಂತಾಮಣಿ ಬಸ್ ಸ್ಟ್ಯಾಂಡಿನೆದುರು
ಮೂವತ್ತೊಂದು ವರ್ಷ ನಾನು ರೂಂಬಾಯ್.
ಮೀಸೆ ನರೆತರೂ ಕರೆಯುತ್ತಿದ್ದದ್ದು ಬಾಯ್ ಅಂತಲೇ.

ಸೆಟ್ಟರು ಹೇಳಿದರು: ಮಂಚ ಗುಜರಿಗೆ,
ಫ್ಯಾನು ಬಾಮೈದನಿಗೆ,
ಉಳಿದದ್ದು ನಿನಗೆ ಗುರ್ರಪ್ಪ, ಏನಾದರೂ ಮಾಡ್ಕೋ.

ಉಳಿದದ್ದು ಅಂದರೆ
ನಲವತ್ತಾರು ಬೆಡ್‌ಶೀಟು,
ಪ್ರತಿಯೊಂದರ ಮೂಲೆಯಲ್ಲೂ ನೀಲಿ ಮೊಹರು, ರೂಂ ನಂಬರು;
ಬಕೆಟ್ಟು, ಹಿಡಿ ಹೋದ ಮಗ್ಗು,
ಅರ್ಧ ಡಬ್ಬ ಫಿನೈಲು,
ದಿಂಬು, ಟವೆಲ್ಲು, ನೀರು ಕಾಯಿಸುವ ಒಂದು ಹಂಡೆ,
ಹದಿನಾಲ್ಕು ರಿಜಿಸ್ಟರು.

ಯಾರ್ಯಾರೋ ಮಲಗಿದ ಬಟ್ಟೆ, ಒಳಗೆ ತರಬೇಡ,
ಹೊಸ್ತಿಲಲ್ಲೇ ತಡೆದಳು ಹೆಂಡತಿ.
ಹಾಸ್ಟೆಲಿನ ವಾರ್ಡನ್ನು ಮೊಹರು ನೋಡಿ ನಕ್ಕ.
ಟೊಮೇಟೊ ಆಟೋದ ನವಾಜು ಹೇಳಿದ:
ಕೈವಾರದ ರಸ್ತೇಲಿ ಹಳೇ ಹುಳುಮನೆ ಇಲ್ವಾ,
ಅಲ್ಲಿ ರೆಬೆಕ್ಕ ಟೀಚರು ನಾಯಿ ಸಾಕ್ತಾರೆ.
ಲಾರಿಗೆ ಸಿಕ್ಕಿದ್ದು, ಕಣ್ಣು ಹೋಗಿದ್ದು,
ಮನೆ ಖಾಲಿ ಮಾಡೋವಾಗ ಬಿಟ್ಟುಹೋಗಿದ್ದು.

ಟೀಚರು ಗಂಟು ಬಿಚ್ಚಿದರು.
ಉತ್ತರಪತ್ರಿಕೆ ತಿದ್ದುವ ಹಾಗೆ
ಒಂದೊಂದನ್ನೂ ಬೆಳಕಿಗೆ ಹಿಡಿದು: ಪಾಸು. ಪಾಸು.
ದಿಂಬು ಬೇಡ, ಸೀಳಿ ಹತ್ತಿ ನುಂಗ್ತಾವೆ.
ಫಿನೈಲು ವಾಪಸ್ ತಗೊಂಡ್ ಹೋಗಪ್ಪ, ಮರಿಗಳ ಚರ್ಮಕ್ಕಾಗಲ್ಲ.
ತೂತಾದ ಟವೆಲ್ಲು? ಎಷ್ಟಿದ್ದರೂ ಸಾಲದು.
ಹಂಡೆ ಕಂಡದ್ದೇ ತಡ, ಎರಡು ಕೈಲಿ ತಬ್ಬಿದರು:
ಗಂಜಿ ಒಂದೇ ಒಲೆಗೆ ಆಗೋಯ್ತು!

ಹಾಸುತ್ತಾ ಬಂದೆ. ಅಭ್ಯಾಸ ಬಿಡುವುದಿಲ್ಲ,
ನಾಲ್ಕು ಮೂಲೆ ಎಳೆದು, ಅಂಗೈಯಲ್ಲಿ ಸುಕ್ಕು ಸವರಿ.
ನಾಲ್ಕನೇ ನಂಬರಿಗೆ ಮೂರು ಕಾಲಿನ ಕೆಂದ.
ಹನ್ನೊಂದಕ್ಕೆ ಬಾಣಂತಿ, ಸುತ್ತ ಆರು ಮರಿ,
ಓಡಿಹೋಗದಂತೆ ಹಳೇ ಚಂದ್ರಿಕೆಯ ಬೇಲಿ.
(ಹನ್ನೊಂದು ಡಬಲ್ಲು. ಹೆಚ್ಚುವರಿ ಹಾಸಿಗೆಗೆ
ಇಪ್ಪತ್ತು ರೂಪಾಯಿ ಕೇಳುತ್ತಿದ್ದೆ ಆಗ.)

ಏಳನ್ನು ಕೊಡವುವಾಗ ಕೈ ನಿಂತಿತು.
ಏಳರಲ್ಲಿ ಒಬ್ಬಾತ ಎರಡು ದಿನ ಬಾಗಿಲು ತೆಗೆದಿರಲಿಲ್ಲ.
ಪೊಲೀಸರು ಹೇಳಿದರು, ಒಡೆದದ್ದು ನಾನು.
ಆ ಶೀಟು ಇದಲ್ಲ, ಅದನ್ನು ಸುಟ್ಟೆವು.
ನಂಬರು ಮಾತ್ರ ಅದೇ.
ಒಕ್ಕಣ್ಣಿನ ಒಂದು ಮುದಿನಾಯಿ ಬಂತು,
ಮೂಸಿತು, ಮೂರು ಸುತ್ತು ತಿರುಗಿತು,
ನಿಟ್ಟುಸಿರಿಟ್ಟು ಮಲಗಿತು.

ಕೊನೆಗೆ ರಿಜಿಸ್ಟರು.
ಮರಿಗಳ ಕೆಳಗೆ ಕಾಗದ ಬೇಕಂತೆ,
ದಿನಕ್ಕೆ ನಾಲ್ಕು ಸಲ ಬದಲಿಸಬೇಕಂತೆ.
ನನಗೆ ಯಾಕೋ ಹಿಂಜರಿಕೆ.
ಶಿಡ್ಲಘಟ್ಟದ ಗೂಡಿನ ದಲ್ಲಾಳಿಗಳಿದ್ದರು ಅದರಲ್ಲಿ,
ಅಪ್ಪನ ಜೊತೆ ಪರೀಕ್ಷೆಗೆ ಬಂದ ಹುಡುಗಿಯರಿದ್ದರು,
ಗಂಡ ಹೆಂಡತಿ ಎಂದು ಬರೆಯುವಾಗ
ಅಕ್ಷರ ನಡುಗಿದವರಿದ್ದರು.
ಬಂದ ಉದ್ದೇಶ ಎಂಬ ಕಾಲಮ್ಮಿನಲ್ಲಿ
ಎಲ್ಲರೂ ಬರೆದದ್ದು ಒಂದೇ: ಸ್ವಂತ ಕೆಲಸ.

ಹರಿದು ಹಾಸಿದೆ.
ಬಿಳಿ ಮರಿಯೊಂದು ಎಡವುತ್ತಾ ಬಂದು
ಯಾವುದೋ ಸುಳ್ಳು ವಿಳಾಸದ ಮೇಲೆ ಕೂತಿತು.
ಶಾಯಿ ಹರಡಿ ಮೋಡವಾಯಿತು.
ಮುವ್ವತ್ತು ವರ್ಷ ಕಾಯ್ದ ಗುಟ್ಟು,
ಇನ್ನು ನಾನು ಕಾಯಬೇಕಿಲ್ಲ.

ಹದಿನಾಲ್ಕನೆಯದು ಅರ್ಧ ಖಾಲಿ ಇತ್ತು.
ಅದನ್ನು ಹರಿಯಬೇಡ, ಅಂದರು ಟೀಚರು.
ಅಷ್ಟರಲ್ಲಿ ಗೇಟಿನ ಹತ್ತಿರ ಸೈಕಲ್ಲು,
ಗೋಣಿಚೀಲದಲ್ಲಿ ಏನೋ ಮಿಸುಕಾಡುತ್ತಿತ್ತು.
ಬರ್ಕೋ ಗುರ್ರಪ್ಪ, ನಿನ್ನ ಕೆಲಸ ಅದು.

ಹೆಸರು: ಗೊತ್ತಿಲ್ಲ.
ಎಲ್ಲಿಂದ: ಡಬಲ್ ರೋಡು, ಬೇಕರಿ ಮುಂದೆ.
ಜೊತೆಯಲ್ಲಿ: ಯಾರೂ ಇಲ್ಲ.
ಬಂದ ಹೊತ್ತು: ಸಂಜೆ ಆರೂಕಾಲು.
ಹೋಗುವ ಹೊತ್ತು: ಖಾಲಿ ಬಿಟ್ಟೆ.
ಬಂದ ಉದ್ದೇಶ...

ಅದು ಗೋಣಿಯಿಂದ ಮೂತಿ ಹೊರಗೆ ಹಾಕಿ
ನನ್ನ ಪೆನ್ನನ್ನೇ ನೋಡುತ್ತಿತ್ತು.

ಸ್ವಂತ ಕೆಲಸ, ಎಂದು ಬರೆದೆ.
ಬಕೆಟ್ಟು ತಗೊಂಡು ನೀರಿಗೆ ಹೋದೆ.