ಅರವತ್ತಮೂರನೇ ಪುಟ

ಅತ್-ಬಾಶಿಯಲ್ಲಿ ಮೊದಲ ಗಂಟೆ ಹೊಡೆಯುವಾಗ
ಇನ್ನೂ ಕತ್ತಲೆ. ಒಲೆಗೆ ಕಲ್ಲಿದ್ದಲು ಸುರಿಯುವ ಪಾಳಿ
ಈ ವಾರ ಎಲ್ಚಿಬೆಕ್‌ನದು; ಅವನ ಕೈಯ ಮಸಿ
ನಮ್ಮ ಎಲ್ಲ ಪುಸ್ತಕಗಳ ಅಂಚಿಗೂ ಹತ್ತಿದೆ.
ಇಪ್ಪತ್ತೆರಡು ಮಕ್ಕಳು, ಒಂಬತ್ತು ಪ್ರತಿ.
ಒಂದು ಪುಟದ ಮೇಲೆ ಎರಡು ಮೂರು ತಲೆ,
ಮುಗಿಸಿದವರು ಮುಗಿಸದವರ ಉಸಿರಿಗೆ ಕಾಯಬೇಕು.

ದೀಪಸ್ತಂಭದ ಕಾವಲುಗಾರನ ಮಗಳು ಯಾರೋ
ಮುಪ್ಪಿನಲ್ಲಿ ಬರೆದಿಟ್ಟ ನೆನಪು ಅದು.
ಕಡಲನ್ನು ನಮ್ಮಲ್ಲಿ ಕಂಡವರಿಲ್ಲ.
ನಾನೂ ಕಂಡಿಲ್ಲ; ಹೇಳಿಕೊಂಡಿಲ್ಲ, ಅಷ್ಟೆ.

ಮೊದಲ ವಾರ ಹಲಗೆಯ ಮೇಲೆ ಬರೆದೆ:
"ಇದು ನಿನಗೆ ಯಾರನ್ನು ನೆನಪಿಗೆ ತರುತ್ತದೆ?"
ಇಲಾಖೆಯ ಹಾಳೆಯಲ್ಲಿದ್ದ ಪ್ರಶ್ನೆ. ಐದು ಅಂಕ.
ಇಪ್ಪತ್ತೆರಡು ಅಜ್ಜಿಯರು ತರಗತಿಗೆ ಬಂದರು,
ಎಲ್ಲರೂ ಒಳ್ಳೆಯವರು, ಎಲ್ಲರೂ ರೊಟ್ಟಿ ಸುಡುವವರು,
ಇಬ್ಬರು ಅಜ್ಜಿಯರಿಗೆ ಒಂದೇ ಕಾಗುಣಿತ ತಪ್ಪು.
ಐದಕ್ಕೆ ಐದು ಕೊಟ್ಟು ಮನೆಗೆ ಹೋಗಿ
ನನ್ನನ್ನೇ ಬೈದುಕೊಂಡೆ.

ಆಮೇಲೆ ಪ್ರಶ್ನೆ ಅಳಿಸಿದೆ. ಸುಮ್ಮನೆ ಓದಿಸಿದೆ.
ಸಂಜೆ ಅಪ್ಪ ದೋಣಿ ಎಣಿಸುವ ಪುಟದಲ್ಲಿ
ಎಲ್ಚಿಬೆಕ್ ತಲೆಯೆತ್ತಿ, "ಕುರಿ" ಎಂದ.
"ಏನು ಕುರಿ?"
"ನಮ್ಮಪ್ಪನೂ ಹೀಗೇ. ಲೆಕ್ಕ ಸರಿಬಂದರೂ ಒಳಗೆ ಬರಲ್ಲ.
ಯಾವ ವರ್ಷವೋ ತೋಳ ಎಳೆದದ್ದನ್ನೂ ಸೇರಿಸಿ
ಇನ್ನೊಂದು ಸಲ ಎಣಿಸ್ತಾನೆ."
ತರಗತಿ ನಕ್ಕಿತು. ಕಡಲು ತುಸು ಹತ್ತಿರ ಸರಿಯಿತು.

ಅರವತ್ತಮೂರನೇ ಪುಟ ಬಂದದ್ದು ಗುರುವಾರ.
ತಮ್ಮ ಸತ್ತ ರಾತ್ರಿ. ಮುದುಕಿ ಬರೆಯುತ್ತಾಳೆ:
"ನಾನು ಮಲಗಿಬಿಟ್ಟಿದ್ದೆ, ಏನೂ ತಿಳಿಯಲಿಲ್ಲ."
ಗೋಡೆಬದಿಯ ಬೆಂಚಿನಿಂದ ಸಾಲ್ಕಿನ್,
ಸೆಪ್ಟೆಂಬರಿನಿಂದ ಹಾಜರಿಗಷ್ಟೇ ಬಾಯಿಬಿಟ್ಟವಳು,
"ಸುಳ್ಳು" ಎಂದಳು.

"ಇದು ಕಥೆಯಲ್ಲ ಕಣೇ, ನೆನಪು," ಎಂದರು ಯಾರೋ.
"ಆದರೂ ಸುಳ್ಳು. ಅವಳು ಎಚ್ಚರ ಇದ್ದಳು.
ಕಣ್ಣು ಮುಚ್ಚಿಕೊಂಡಿದ್ದಳು.
ಹೊದಿಕೆಯ ಒಳಗೆ ಎಲ್ಲಾ ಕೇಳಿಸುತ್ತೆ."

ಒಲೆಯಲ್ಲಿ ಕೆಂಡವೊಂದು ಕುಸಿಯಿತು.
ನಿನಗೆ ಹೇಗೆ ಗೊತ್ತು ಎಂದು ಕೇಳುವುದು
ಹಾಳೆಯ ಪ್ರಕಾರ ನನ್ನ ಕೆಲಸ.
ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ
"ಮುಂದಿನ ಪ್ಯಾರಾ ಯಾರು ಓದ್ತೀರಿ?" ಎಂದೆ.
ಬೆರ್ಮೆತ್ ಓದಿದಳು, ಬೇಕಾದ್ದಕ್ಕಿಂತ ಗಟ್ಟಿಯಾಗಿ.
ಆ ದನಿಯ ಮರೆಯಲ್ಲಿ
ಸಾಲ್ಕಿನ್‌ಗೆ ಮೂಗೊರೆಸಿಕೊಳ್ಳಲು ಜಾಗವಾಯಿತು.
ಮಕ್ಕಳಿಗೆ ಇವೆಲ್ಲ ಯಾರು ಕಲಿಸುತ್ತಾರೋ.

ಮನೆಯಲ್ಲಿ ಅತ್ತೆ ಶಿರ್ದಾಕ್ ಹಾಸಿಗೆ ಕೂತಿದ್ದರು:
ಒತ್ತಿದ ಉಣ್ಣೆಯ ಎರಡು ಪದರ, ಕೆಂಪಿನ ಮೇಲೆ ಕಪ್ಪು,
ಒಂದೇ ಚಾಕು ಎರಡನ್ನೂ ಸೀಳಿಕೊಂಡು ಹೋಗುತ್ತದೆ.
ಕೆಂಪಿನಿಂದ ಬಿದ್ದ ಟಗರುಕೊಂಬು ಕಪ್ಪಿನ ತೂತಿಗೆ,
ಕಪ್ಪಿನದು ಕೆಂಪಿಗೆ. ಎರಡು ಹಾಸು, ಚೂರೂ ದಂಡವಿಲ್ಲ.
"ಅಂಚಿಗೆ ಬಿಳಿ ಹುರಿ ಯಾಕೆ, ಹೊಲಿಗೆ ಮುಚ್ಚೋಕಾ?"
"ಮುಚ್ಚೋಕಾ? ಸೀಳಿದ್ದು ಎಲ್ಲಿ ಅಂತ ಕಾಣಲಿ ಅಂತ,"
ಎಂದು ಸೂಜಿಯನ್ನು ತುಟಿಗೆ ಕಚ್ಚಿಕೊಂಡರು.

"ಸ್ವಂತ ಅನುಭವದೊಡನೆ ಸಂಬಂಧ" ಎಂಬ ಅಂಕಣ
ಈ ತಿಂಗಳು ಖಾಲಿಯಿದೆ. ತಪಾಸಣೆಯವರು ಕೇಳಿದರೆ
ಪೆನ್ನಿನ ಮಸಿ ಹೆಪ್ಪುಗಟ್ಟಿತ್ತು ಎನ್ನುತ್ತೇನೆ.
ನಮ್ಮ ಚಳಿಗೆ ಅದು ನಡೆಯುತ್ತದೆ.

ಶನಿವಾರ ಎಲ್ಲರೂ ಹೋದ ಮೇಲೆ ಬಾಗಿಲಲ್ಲಿ ಸಾಲ್ಕಿನ್.
"ಮುಂದಿನ ಪುಸ್ತಕ ನೆನಪಾ, ಕಥೆಯಾ?"
"ಕಾದಂಬರಿ. ನಡೆದದ್ದಲ್ಲ."
"ಹಾಗಾದರೆ ಅದರಲ್ಲಿ ಅವಳು ಏಳಬಹುದು."
"ಯಾರು?"
ಟೊಪ್ಪಿಯನ್ನು ಕಿವಿಯ ಮೇಲೆ ಎಳೆದುಕೊಂಡಳು.
"ಬೇರೆ ಹುಡುಗಿ. ಎದ್ದು ತಮ್ಮನ ಹತ್ತಿರ ಹೋಗಬಹುದು."

ಒಂಬತ್ತರಲ್ಲಿ ಒಂದು ಪ್ರತಿ ಅವಳ ಕೋಟಿನೊಳಗೆ
ಚೌಕವಾಗಿ ಉಬ್ಬಿತ್ತು. ಪುಸ್ತಕ ಮನೆಗೆ ಒಯ್ಯುವಂತಿಲ್ಲ.
ಎಂಟು ಎಣಿಸಿ ಕಪಾಟಿಗೆ ಬೀಗ ಹಾಕಿದೆ.
ಇನ್ನೊಂದು ಸಲ ಎಣಿಸಲಿಲ್ಲ.